ಬಾಗಿಲಾ ತೆರೀದಾಕಿ ಹಾಡು

ಒಬ್ಬಂಟಿ ಮನುಷ್ಯ ಹಾಡಿದ್ರ ಸಾಕು, ಜನ ಅದಕ್ಕೊಂದು ಪ್ರೇಮಕಥೆ ಅಂಟಿಸೇ ಬಿಡ್ತಾರ. ಪುಣೆಯೊಳಗ ನನಗ ಇದು ತಪ್ಪಲೇ ಇಲ್ಲ.

೧. ಹಾಡು ಹುಟ್ಟಿದ್ದು

ತೊಂಬತ್ತರ ದಶಕದ ಕೊನೆ. ಗದಗ ಬಿಟ್ಟು ಹಡಪಸರದ ಕಾರ್ಖಾನೆಯೊಂದರಾಗ ಗುಮಾಸ್ತನಾಗಿದ್ದೆ. ಊಟ, ಎಲ್ಲಾರೂ ಮೌಶಿ, ಅಂದ್ರ ಚಿಕ್ಕಮ್ಮ, ಅಂತ ಕರೀತಿದ್ದಾಕಿಯ ಖಾನಾವಳಿಯೊಳಗ. ಸೊಲ್ಲಾಪುರದಾಕಿ, ಮನಿ ಮುಂದಿನ ಖೋಲ್ಯಾಗ ಊಟಕ್ಕ ಹಾಕ್ತಿದ್ಲು. ಆಕಿ ಆಡೋ ಎರಡು ಕನ್ನಡ ಮಾತಿನ ಆಸೆಗೆ ನಾ ಹೊತ್ತಿಗೆ ಮೊದಲೇ ಹೋಗಿ ಕೂಡ್ತಿದ್ದೆ. ಆದ್ರ ಪುಣೆ ಪದ್ಧತಿ ನೋಡ್ರಿ, ರವಿವಾರ ಸಂಜೆ ಖಾನಾವಳಿ ಬಂದ್! ಗೊತ್ತಿಲ್ಲದ ಹೋಗಿ ಬಾಗಿಲಾ ಬಡಿದೆ. ಒಳಗ ಬೆಳಕು, ಮಕ್ಕಳ ನಗು, ಟಿವಿ ಸಪ್ಪಳ. ಯಾರೂ ತೆರೀಲಿಲ್ಲ. ಅವತ್ತು ಭಾಳ ಅಳು ಬಂತು. ಖೋಲಿಗೆ ಬಂದು ಬಾಳೆಹಣ್ಣು ತಿಂದು ಹಿಂದಿಯೊಳಗ ಹಾಡು ಕಟ್ಟಿದೆ: ಒಳಗ ಬೆಳಕದ, ನೀನೂ ಇದ್ದಿ, ಬಾಗಿಲಾ ಯಾಕ ತೆರೆಯವಲ್ಲಿ?

೨. ರಾಕ್ ಆದದ್ದು

ನಮ್ಮ ಕಾರ್ಖಾನೆಯ ಫಿಟರ್ ಒಬ್ಬ ಉದ್ದ ಕೂದಲು ಬಿಟ್ಟು ಗಿಟಾರ್ ಬಾರಿಸ್ತಿದ್ದ. ವರ್ಷದ ಗ್ಯಾದರಿಂಗಿಗೆ ಅದನ್ನ ರಾಕ್ ಮಾಡಿದ. ನಾ ಹಾಡಿದೆ. ಹಾಡಿದೆ ಅಂದ್ರ ಚೀರಿದೆ. ಸಾಹೇಬ್ರು ಕಣ್ಣೊರೆಸಿಕೊಂತ, "ಯಾರು ಆ ಹುಡುಗಿ?" ಅಂದ್ರು.

"ಹುಡುಗಿ ಅಲ್ರೀ ಸರ್, ರವಿವಾರದ ಊಟ."

"ಇರಲಿ, ಹೇಳಬ್ಯಾಡ. ದೊಡ್ಡ ನೋವು ಇದ್ದವರು ಹಿಂಗ ಚೇಷ್ಟೆ ಮಾಡ್ತಾರ" ಅಂತ ಬೆನ್ನು ತಟ್ಟಿದ್ರು. ಮುಂದ ಪ್ರತಿ ಗ್ಯಾದರಿಂಗಿಗೂ ಅದ ಹಾಡು. ರವಿವಾರ ಮಾತ್ರ ಅದ ಬಾಳೆಹಣ್ಣು.

೩. ಮೌಶಿ ಕೇಳಿದ್ದು

ಎರಡು ಸಾವಿರದ ಇಸವಿ ದಾಟಿದ ಮ್ಯಾಲೆ ಒಂದು ವರ್ಷ ನಮ್ಮ ಓಣಿ ಗಣಪತಿ ಮುಂದ ಹಾಡಿದ್ವಿ. ಮುಂದಿನ ಸಾಲಿನಾಗ ಮೌಶಿ! ಹಾಡು ಮುಗಿದದ್ದ ತಡ, ಸೆರಗಿನಿಂದ ಮೂಗು ಒರೆಸಿಕೊಂತ ಬಂದ್ಲು. "ಯಾವ ಕಲ್ಲೆದೆಯಾಕಿನೋ ತಮ್ಮಾ ಆಕಿ? ಒಳಗಿದ್ದು ಬಾಗಿಲಾ ತೆರೀಲಿಲ್ಲಾ? ಮನಿ ತೋರಿಸು, ಝಾಡಿಸಿ ಬರ್ತೀನಿ!"

"ಬ್ಯಾಡ ಬಿಡ್ರಿ ಮೌಶಿ. ರವಿವಾರ ಸಂಜೆ ಅಷ್ಟ ಭಾಳ ನೆನಪಾಗ್ತಾಳ" ಅಂದೆ.

"ಹಂಗಾರ ರವಿವಾರ ಸಂಜೆ ನಮ್ಮ ಕೂಡ ಉಣ್ಣಾಕ ಬಾ."

ಹೋದೆ. ಬಾಗಿಲಾ ತೆರೆದ ಇತ್ತು. ಮಕ್ಕಳ ಗದ್ದಲದೊಳಗ ಕೂತೆ. ಎಷ್ಟು ಸಂತೋಷ ಆತಂದ್ರ ಮೊದಲನೇ ಭಾಕ್ರಿ ಮುಗಿದದ್ದ ತಿಳೀಲಿಲ್ಲ. ಎರಡನೇ ಭಾಕ್ರಿ ಹಾಕ್ಕೋತ ಮೌಶಿ ಮೆಲ್ಲಕ ಕೇಳಿದ್ಲು, "ಇನ್ನೂ ಆಕಿ ಮ್ಯಾಲೆ ಸಿಟ್ಟದ ಏನು?"

"ಇಲ್ಲ ಮೌಶಿ, ಪೂರಾ ಮರ್ತೆ."

ಆಕಿ ಕೈ ಅಲ್ಲೇ ನಿಂತಿತು. "ಎರಡು ಭಾಕ್ರಿಗೆ ಮರ್ತ್ಯಾ? ಛೀ! ಇಂಥಾವಗ ಬಾಗಿಲಾ ತೆರೀಲಿಲ್ಲಲ್ಲ, ಛಲೋ ಮಾಡಿದ್ಲು. ಪಾಪ, ಆಕಿದೇನೂ ತಪ್ಪಿಲ್ಲ ಬಿಡು!"