ಆಯಾಸಂ ಅಂದದ್ದೇ ತಪ್ಪಾಯಿತು

ಇನ್ನು ಮೇಲೆ ಗಾಬರಿ ಎಂಬುದು ತನ್ನ ಅಪ್ಪಣೆಯಿಲ್ಲದೆ ಒಳಗೆ ಕಾಲಿಡಕೂಡದು ಎಂದು ಭೀಮಸೇನ ಘೋಷಿಸಿದ. ವಿಶಾಖಪಟ್ಟಣದ ಹೊರವಲಯದ ಪೆಂಡುರ್ತಿಯ ಆ ಬಾಡಿಗೆ ಮನೆಯಲ್ಲಿ ಅದನ್ನು ಕೇಳಿಸಿಕೊಂಡದ್ದು ಹೆಂಡತಿ ಹೇಮಾಕ್ಷಿ ಮತ್ತು ಒಲೆಯ ಮೇಲಿನ ಕುಕ್ಕರ್. ಕುಕ್ಕರ್ ಮಾತ್ರ ಸೀಟಿ ಹೊಡೆದು ಅನುಮೋದಿಸಿತು.

ಭೀಮಸೇನ ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತ. ಆವತ್ತು ಹನ್ನೊಂದಕ್ಕೆ ವಿಶಾಖಪಟ್ಟಣದ ದೊಡ್ಡ ಆಫೀಸಿನಲ್ಲಿ ಬಡ್ತಿಯ ಸಂದರ್ಶನ. ಹೋದ ಸಲ ವಿಜಯವಾಡದಲ್ಲಿ ಇದೇ ಸಂದರ್ಶನಕ್ಕೆ ಕೂತಾಗ ಎದೆ ನಗಾರಿಯಾಗಿ, ನಾಲಿಗೆ ಒಣಗಿ, ಹೆಸರು ಕೇಳಿದರೆ ಮಾವನ ಹೆಸರು ಹೇಳಿ ಬಂದಿದ್ದ. ಈ ಸಲವೂ ಕೈತಪ್ಪಿದರೆ ವಯಸ್ಸಿನ ಮಿತಿ ದಾಟಿ, ಗುಮಾಸ್ತನಾಗಿಯೇ ನಿವೃತ್ತನಾಗಬೇಕು. ಅದಕ್ಕೇ ನಾಲ್ಕು ಭಾನುವಾರ ಧ್ಯಾನ ಶಿಬಿರಕ್ಕೆ ಹೋಗಿ ಮೈಂಡ್‌ಫುಲ್‌ನೆಸ್ ಕಲಿತಿದ್ದ.

"ಮೈಂಡ್ ನಿಮ್ಮದು ಮೊದಲಿಂದಲೂ ಫುಲ್ಲೇ ಅದ. ಅದಕ್ಕೇ ಗಾಬರಿ," ಎಂದಳು ಹೇಮಾಕ್ಷಿ.

"ನಿನಗ ತಿಳಿಯೂದಿಲ್ಲ ಬಿಡು. ಬಂದದ್ದನ್ನ ಸುಮ್ನ ನೋಡಬೇಕು, ಹೋಗಲಿಕ್ಕೆ ಬಿಡಬೇಕು. ಇಪ್ಪತ್ತು ನಿಮಿಷ ಕಣ್ಣು ತೆರಿಯೂದಿಲ್ಲ, ಮಾತಾಡೂದಿಲ್ಲ. ಒಂಬತ್ತೂವರೆಗೆ ಆಟೋ ಬರತದ."

ಅವಳು ಸ್ನಾನಕ್ಕೆ ಹೋದಳು. ಇವನು ವರಾಂಡದಲ್ಲಿ ಚಾಪೆ ಹಾಸಿ ಚಕ್ಕಳಮಕ್ಕಳ ಹಾಕಿ ಕೂತ. ಇನ್ನೇನು ಕಣ್ಣು ಮುಚ್ಚಬೇಕು, ಮನೆಯ ಒಡತಿ ಸೀತಾಮಹಾಲಕ್ಷ್ಮಿ ಬಂದು, "ಏಮೈಂದಿ ಬಾಬೂ, ಅಲಾ ಕೂರ್ಚುನ್ನಾರು?" ಎಂದು, ಏನಾಯಿತು, ಯಾಕೆ ಹಾಗೆ ಕೂತದ್ದೆಂದು ವಿಚಾರಿಸಿದರು. ರಾತ್ರಿಯಿಡೀ ಓದಿ ದಣಿದಿದ್ದ ಭೀಮಸೇನ ತನ್ನ ಕೈಲಾದ ತೆಲುಗಿನಲ್ಲಿ, "ಕೊಂಚೆಂ ಆಯಾಸಂ ಅಂಡಿ," ಎಂದು ಕಣ್ಣು ಮುಚ್ಚಿದ.

ಧಾರವಾಡದಲ್ಲಿ ಆಯಾಸವೆಂದರೆ ದಣಿವು. ತೆಲುಗಿನಲ್ಲಿ ಆಯಾಸವೆಂದರೆ ಏದುಸಿರು, ಉಸಿರು ಸಿಕ್ಕಿಕೊಳ್ಳುವುದು. ಅದನ್ನು ಹೇಳಿದ ಮನುಷ್ಯ ಮರುಕ್ಷಣ ಕಣ್ಣು ಮುಚ್ಚಿ, ಮೂಗಿನಿಂದ ಉದ್ದುದ್ದ ಉಸಿರು ಎಳೆಯತೊಡಗಿದರೆ ನೋಡಿದವರು ಏನು ತಿಳಿಯಬೇಕು? ಸೀತಾಮಹಾಲಕ್ಷ್ಮಿ ಇಡೀ ಬೀದಿಗೆ ಕೇಳುವಂತೆ ಕೂಗಿಕೊಂಡರು.

ಕೂಗು ಬಂತು, ಭೀಮಸೇನ ನೋಡಿದ, ಬಿಟ್ಟ. ಯಾರೋ ಎದೆ ತಿಕ್ಕಿದರು, ಅದನ್ನೂ ಬಿಟ್ಟ. ನಾಲ್ಕು ಜನ ಸೇರಿ ಎತ್ತಿದಾಗ, ಒಂಬತ್ತೂವರೆಯ ಆಟೋ ಬಂದಿರಬೇಕು, ಆಂಧ್ರದ ಮಂದಿ ಎಷ್ಟು ಒಳ್ಳೆಯವರು ಎಂದು ಹೃದಯ ತುಂಬಿ ಬಂತು. ಆ ನೆಮ್ಮದಿಯಲ್ಲೇ ನಿದ್ದೆ ಹತ್ತಿತು. ಕಣ್ಣು ತೆರೆದಾಗ ಮಲಗಿದ್ದು ಆಸ್ಪತ್ರೆಯಲ್ಲಿ, ಎದೆಗೆ ತಂತಿಗಳು.

ಡಾಕ್ಟರ್ ಕಾಮೇಶ್ವರ ಬೀದರ್‌ನಲ್ಲಿ ಓದಿದವರು, ಕನ್ನಡ ಬಲ್ಲವರು. "ನಾಡಿ ಅರವತ್ತೆರಡು. ಇಷ್ಟು ಶಾಂತವಾದ ಪೇಷೆಂಟನ್ನ ನಾನು ನೋಡೇ ಇಲ್ಲ. ಏನ್ರೀ ಗುಟ್ಟು?"

ಇಂಥ ಪ್ರಶ್ನೆಗೆ ಭೀಮಸೇನ ಜನ್ಮವಿಡೀ ಕಾದಿದ್ದ. ಸಂದರ್ಶನವನ್ನೂ ಮರೆತು, ಎದ್ದು ಕೂತು ಉಪದೇಶ ಶುರುಮಾಡಿದ. ಉಸಿರಾಟದ ಪಾಠ ಮುಗಿಸಿ ಮನಸ್ಸಿನ ಪಾಠಕ್ಕೆ ಬರುವಷ್ಟರಲ್ಲಿ ಇಬ್ಬರು ನರ್ಸುಗಳೂ ಕೇಳುಗರಾಗಿದ್ದರು. ಆಗ ಬಾಚದ ತಲೆಗೂದಲಿನಲ್ಲೇ ಹೇಮಾಕ್ಷಿ ಓಡಿ ಬಂದಳು.

"ಹನ್ನೊಂದೂ ಇಪ್ಪತ್ತಾಗೇದ ರೀ. ಊರಾಗಿನ ಆಸ್ಪತ್ರಿ ಎಲ್ಲಾ ಹುಡುಕಿ ಬಂದೆ. ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ಡಾಕ್ಟರ್ ಸರ್ಟಿಫಿಕೇಟ್ ತಂದರ ಶನಿವಾರ ಮತ್ತ ಕರೀತಾರಂತ. ಇಲ್ಲಂದರ ಮುಗೀತು."

ಡಾಕ್ಟರ್ ತಲೆಯಾಡಿಸಿದರು. "ಸುಳ್ಳು ಹ್ಯಾಂಗ್ ಬರೀಲಿ ಅಮ್ಮಾ? ಇವರಿಗೆ ಏನೂ ಆಗಿಲ್ಲ. ಬಂಡೆ ಇದ್ದಂಗ ಇದ್ದಾರೆ."

ಭೀಮಸೇನನ ಬಾಯಿ ಒಣಗಿತು. ಅಂಗೈ ಬೆವರಿತು. ಎದೆ ಹೊಡೆದುಕೊಳ್ಳುವುದು ನರ್ಸುಗಳಿಗೂ ಕಾಣುವಂತಿತ್ತು. ಡಾಕ್ಟರ್ ಮುಂಗೈ ಹಿಡಿದು ಗಡಿಯಾರ ನೋಡಿದರು. "ನೂರಾ ಇಪ್ಪತ್ತೆಂಟು. ವಿಪರೀತ ಗಾಬರಿ. ಇದನ್ನ ಬರೀಬಹುದು," ಎಂದು ಪೆನ್ನು ತೆಗೆದರು.

ನಾಚಿಕೆಯಿಂದ ಕುಗ್ಗಿಹೋದ ಭೀಮಸೇನ ಕಣ್ಣು ಮುಚ್ಚಿ ಮೆಲ್ಲನೆ ಉಸಿರು ಎಳೆದುಕೊಳ್ಳತೊಡಗಿದ. ಹೇಮಾಕ್ಷಿ ಅವನ ಭುಜ ಹಿಡಿದು ಅಲುಗಿಸಿದಳು.

"ನಿಮ್ಮ ಕಾಲಿಗೆ ಬೀಳತೀನಿ, ಅವರು ಸಹಿ ಮಾಡೋ ತನಕ ಶಾಂತ ಆಗಬ್ಯಾಡ್ರಿ."