ಕಾಫಿಪುಡಿಯೂ ಮನಶ್ಶಾಸ್ತ್ರವೂ

ವಯಸ್ಸಾದಂತೆ ಗಂಡಸಿಗೆ ಯಾವುದಾದರೂ ಒಂದು ವಿಷಯದಲ್ಲಿ ತಾನು ಪಂಡಿತನೆಂಬ ನಂಬಿಕೆ ಬೇಕಾಗುತ್ತದೆ. ಸಂಗೀತದಲ್ಲಿ ನನಗೆ ಯಾವ ರಾಗವೂ ಗೊತ್ತಾಗುವುದಿಲ್ಲ. ಚುನಾವಣೆಯಲ್ಲಿ ಗೆಲ್ಲುತ್ತಾರೆಂದು ನಾನು ಹೇಳಿದವರೆಲ್ಲ ಸೋಲುತ್ತಾರೆ. ಹಾಗಾಗಿ ಕಾಫಿಯನ್ನು ಹಿಡಿದುಕೊಂಡೆ. ಹೆಣ್ಣು ನೋಡಲು ಹೋದ ದಿನ ಶಾರದಾ ತಂದುಕೊಟ್ಟ ಕಾಫಿಗೆ ಮಾರುಹೋಗಿಯೇ ಮದುವೆಗೆ ಒಪ್ಪಿದ್ದು. ಅದನ್ನು ಮಾಡಿದ್ದು ಅವಳ ಸೋದರತ್ತೆ ಎಂದು ತಿಳಿದದ್ದು ಆಮೇಲೆ. ಆದರೂ ನಂಬಿಕೆ ಕದಲಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಬನಶಂಕರಿಯ ನಮ್ಮ ಮನೆಯಿಂದ ಜಯನಗರದ ಒಂದು ಹಳೆಯ ಅಂಗಡಿಗೆ ಹೋಗಿ, ಕಣ್ಣೆದುರಿಗೇ ಬೀಜ ಪುಡಿ ಮಾಡಿಸಿ, ಚಿಕೋರಿ ಎಷ್ಟಿರಬೇಕೆಂದು ಅಂಗಡಿಯವನಿಗೇ ಪಾಠ ಹೇಳಿ ತರುತ್ತೇನೆ. ಪುಡಿಗೆ ಹಿಡಿಯುವುದು ಹತ್ತು ನಿಮಿಷ. ಉಳಿದ ಎರಡು ಗಂಟೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಗೆಳೆಯರ ಜೊತೆ ಹರಟೆ, ಆಮೇಲೊಂದು ಖಾಲಿ ದೋಸೆ. ಮನೆಯಲ್ಲಿ "ಅಂಗಡೀಲಿ ರಶ್ಶು" ಎಂದಷ್ಟೇ ಹೇಳುತ್ತೇನೆ.

ಬ್ಯಾಂಕಿನಿಂದ ನಿವೃತ್ತಳಾದ ಶಾರದಾ ಸುಮ್ಮನೆ ಕೂರಬಹುದಿತ್ತು. ಮನೆಯಿಂದಲೇ ಓದುವ ಬಿ.ಎ.ಗೆ ಸೇರಿ ಮನಶ್ಶಾಸ್ತ್ರ ತೆಗೆದುಕೊಂಡಳು. ಮೊದಲ ಪಾಠಗಳಲ್ಲೇ ಸಂಶೋಧನಾ ವಿಧಾನ ಬರುತ್ತದಂತೆ. ಅಲ್ಲಿಯವರೆಗೆ "ಮೂಲೆ ಅಂಗಡಿ ಪುಡೀನೂ ಇಷ್ಟೇ ಚೆನ್ನಾಗಿರುತ್ತೆ" ಎಂದು ಗೊಣಗುತ್ತಿದ್ದವಳು, ಈಗ ಅದನ್ನೇ ಪ್ರಾಕ್ಕಲ್ಪನೆ, ಅಂದರೆ ಹೈಪಾಥಿಸಿಸ್, ಎಂದು ಕರೆಯತೊಡಗಿದಳು. ಗೊಣಗಾಟಕ್ಕಾದರೆ ತಿರುಗಿ ಗೊಣಗಬಹುದು. ಪ್ರಾಕ್ಕಲ್ಪನೆಗೆ ಏನು ಹೇಳುವುದು?

"ರೀ, ಬರೀ ಅಭಿಪ್ರಾಯ ಸಾಲದು, ಪ್ರಯೋಗ ಆಗ್ಬೇಕು" ಎಂದಳು. ಹಾಲು, ಸಕ್ಕರೆ, ಲೋಟ ಎಲ್ಲ ಒಂದೇ. ಪುಡಿ ಮಾತ್ರ ಬೇರೆ. ಯಾವುದು ಯಾವುದೆಂದು ಕುಡಿಯುವವನಿಗೂ ಗೊತ್ತಿರಬಾರದು, ತಂದುಕೊಡುವವಳಿಗೂ ಗೊತ್ತಿರಬಾರದು. ಆದ್ದರಿಂದ ಕೆಳಮನೆಯ ನಾಗರತ್ನಮ್ಮ ನಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ಆರು ಲೋಟ ಬೆರೆಸಿ, ತಳಕ್ಕೆ ಚೀಟಿ ಅಂಟಿಸಿದರು. ಸೋತರೆ ನನ್ನ ಭಾನುವಾರವೇ ಹೋಗುತ್ತಿತ್ತು.

ಒಂದೊಂದು ಗುಟುಕಿಗೂ ಕಣ್ಣು ಮುಚ್ಚಿ, ನಾಲಿಗೆ ಚಪ್ಪರಿಸಿ, ಗಂಭೀರವಾಗಿ ತೀರ್ಪು ಕೊಟ್ಟೆ. ಮೂರು ಲೋಟ ಜಯನಗರದ್ದೆಂದೆ. ಉಳಿದ ಮೂರನ್ನು "ಇದನ್ನ ಕಾಫಿ ಅಂತಾರಾ?" ಎಂದು ಪಕ್ಕಕ್ಕೆ ತಳ್ಳಿದೆ. ನಾಗರತ್ನಮ್ಮ ಲೋಟ ಎತ್ತಿ ತಳ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಹೊಗಳಿದ ಮೂರೂ ಮೂಲೆ ಅಂಗಡಿಯವು.

"ಒಬ್ಬನ ಮೇಲೆ ಮಾಡಿದ್ದು ಪ್ರಯೋಗಾನಾ? ನಿನ್ನ ಪುಸ್ತಕದಲ್ಲೇ ಇರುತ್ತೆ ನೋಡು, ಸ್ಯಾಂಪಲ್ ಸಾಲದು" ಎಂದೆ.

"ಏನ್ಮಾಡ್ಲಿ ರೀ, ನಂಗಿರೋದು ಒಬ್ರೇ ಗಂಡ."

ಮುಂದಿನ ಭಾನುವಾರ ಮೂಲೆ ಅಂಗಡಿಯಿಂದ ಐದು ನಿಮಿಷದಲ್ಲಿ ಪುಡಿ ತಂದು ಮನೆಯಲ್ಲೇ ಕುಳಿತೆ. ನಿಜ ಹೇಳುತ್ತೇನೆ, ತುಂಬಾ ಬೇಜಾರಾಗಿತ್ತು. ಕುಕ್ಕರ್ ಎಷ್ಟು ಸಲ ಕೂಗಿತೆಂದು ವಿಚಾರಿಸಿದೆ. ಫ್ರಿಜ್ಜಿನ ಡಬ್ಬಿಗಳನ್ನು ನನಗೆ ಸರಿಯೆನಿಸಿದಂತೆ ಜೋಡಿಸಿದೆ. ಪೇಪರನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವಳ ಪುಸ್ತಕದೊಳಗೆ ಇಣುಕಿ ಅನುಮಾನ ಕೇಳಿದೆ. ಶಾರದಾ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು.

ಅದರ ಮುಂದಿನ ಭಾನುವಾರ ಏಳು ಗಂಟೆಗೇ ನನ್ನ ಕೈಗೆ ಚೀಲ ಕೊಟ್ಟಳು.

"ಹೊರಡಿ, ಜಯನಗರದಿಂದ್ಲೇ ಪುಡಿ ತನ್ನಿ."

"ಮತ್ತೆ ಆ ಪ್ರಯೋಗ?"

"ಅದು ಮುಗೀತು. ಆಮೇಲೆ ವೀಕ್ಷಣೆ ಮಾಡ್ದೆ. ನೀವು ಹೊರಗಿದ್ದ ಭಾನುವಾರ ಒಂದು ಅಧ್ಯಾಯ ಓದಿ ಮುಗಿಸ್ತಿದ್ದೆ. ನೀವು ಮನೇಲಿದ್ದ ದಿನ ಒಂದು ಪುಟಾನೂ ಇಲ್ಲ. ಪರೀಕ್ಷೆ ಹತ್ರ ಬಂತು, ನಿಧಾನಕ್ಕೇ ಬನ್ನಿ. ಮಲ್ಲೇಶ್ವರದಲ್ಲಿ ಇನ್ನೂ ಒಳ್ಳೆ ಪುಡಿ ಸಿಗುತ್ತಂತೆ, ಬೇಕಾದ್ರೆ ಅಲ್ಲಿಗೇ ಹೋಗಿ."

ಗೆದ್ದ ಸಂಭ್ರಮದಲ್ಲಿ ಚಪ್ಪಲಿ ಮೆಟ್ಟಿ ಬೀದಿಯ ತಿರುವಿನವರೆಗೆ ಬಂದೆ. ಅಲ್ಲಿ ಅನುಮಾನ ಹುಟ್ಟಿತು. ಇಷ್ಟು ವರ್ಷ ಮನೆಯಿಂದ ನಾನು ತಪ್ಪಿಸಿಕೊಂಡು ಹೋಗುತ್ತಿದ್ದೆನೋ, ಅವಳೇ ಸಾಗಹಾಕುತ್ತಿದ್ದಳೋ? ವಾಪಸು ಹೋಗಿ ಕೇಳಿದರೆ ಅದಕ್ಕೂ ನೋಟ್‌ಬುಕ್ ತೆಗೆಯುತ್ತಾಳೆ. ಸುಮ್ಮನೆ ಮಲ್ಲೇಶ್ವರದ ಕಡೆಯ ಮೆಟ್ರೊ ಹತ್ತಿದೆ.