ಹನ್ನೆರಡು ಅಡಿಯ ಲಂಡನ್ ಮೇಜು

ನಮ್ಮ ಸೋದರಮಾವನ ಮನೆಯ ಪೂಲ್ ಟೇಬಲ್ ಲಂಡನ್ನಿನದು, ಹನ್ನೆರಡು ಅಡಿ ಉದ್ದದ್ದು, ಯಾವನೋ ದೊರೆ ದೇಶ ಬಿಡುವಾಗ ಮಾವನ ಕೈಹಿಡಿದು ಅತ್ತು ಕೊಟ್ಟುಹೋದದ್ದು. ದಂಡಿನಶಿವರದಿಂದ ತುರುವೇಕೆರೆಯವರೆಗೆ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಇದರಲ್ಲಿ ನಾನು ನಂಬುವುದು ಒಂದನ್ನೇ: ಮೇಜು ಇದೆ. ಮಿಕ್ಕಿದ್ದಕ್ಕೆ ಸಾಕ್ಷಿ ಎಲ್ಲಿ? ದೊರೆ ಅತ್ತದ್ದನ್ನು ಕಂಡವರು ಯಾರು? ಹದಿನಾಲ್ಕು ಅಡಿಯ ಕೋಣೆಯಲ್ಲಿ ಹನ್ನೆರಡು ಅಡಿಯ ಮೇಜಿಟ್ಟರೆ, ಕೋಲು ಹಿಂದಕ್ಕೆಳೆಯಲು ಗೋಡೆ ಒಡೆಯಬೇಕಲ್ಲವೇ?

ತಿಪಟೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪನ್ನು ಎರಡು ಸಲ ಗೆದ್ದವನು ನಾನು. ಇಂಥ ಪ್ರಶ್ನೆಗಳನ್ನು ನುಂಗಿಕೊಂಡು, ಉಂಡು, ಕೈತೊಳೆದು ಬರುವುದು ನನ್ನಿಂದಾಗದು.

ಮಾವ ಎಂಥ ಆಸಾಮಿ ಎನ್ನುವುದನ್ನು ಮೊದಲು ಹೇಳಬೇಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುತ್ತಿದೆಯೇ ಎಂದು ಕೇಳುವುದು ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವ ಕೆಲಸ. ಮಾವ ಅದನ್ನು ಕಾಯಿಗಷ್ಟೇ ಬಿಡಲಿಲ್ಲ. ಗಡಿಯಾರ, ಟಾರ್ಚು, ಔಷಧದ ಶೀಸೆ, ಪೂಲ್ ಚೆಂಡು, ಕೈಗೆ ಸಿಕ್ಕಿದ್ದೆಲ್ಲ ಕಿವಿಗೆ! ನಾನು ಮೊದಲನೆಯ ಕಪ್ಪು ತಂದು ತೋರಿಸಿದಾಗ ಅದನ್ನೂ ಅಲ್ಲಾಡಿಸಿದ. ಆಮೇಲೆ ನನ್ನನ್ನು ನೋಡಿದ. “ಇನ್ನೂ ಒಣಗ್ಬೇಕು ಕಣ್ಲಾ” ಎಂದ. ಕಪ್ಪೋ, ನಾನೋ ಎಂದು ಹೇಳಲಿಲ್ಲ.

ಆಟದ ಕೋಣೆಗೆ ಯಾರಿಗೂ ಪ್ರವೇಶವಿಲ್ಲ. ಉಸಿರು ತಾಗಿದರೆ ಲಂಡನ್ ಮರ ಸೊಟ್ಟಗಾಗುತ್ತದಂತೆ. ಮಧ್ಯಾಹ್ನ ಊಟವಾದ ಮೇಲೆ ಪಂಚೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಅಗುಳಿ ಜಡಿದುಕೊಂಡು ಒಬ್ಬನೇ ಆಡುತ್ತಿದ್ದ. ಅತ್ತೆ ಮಲಗಿರ್ತಾಳೆ, ಗಲಾಟೆ ಮಾಡಬೇಡಿ ಎಂದು ಮಕ್ಕಳಾದ ನಮ್ಮನ್ನೆಲ್ಲ ತೋಟಕ್ಕೆ ಅಟ್ಟುತ್ತಿದ್ದ. ಒಂದು ಗಂಟೆಯ ಮೇಲೆ ಆಚೆಗೆ ಬರುತ್ತಿದ್ದವನ ಮುಖ ಹೆಚ್ಚಿನ ದಿನ ಊದಿಕೊಂಡಿರುತ್ತಿತ್ತು. ಒಬ್ಬನೇ ಆಡುವ ಆಟದಲ್ಲಿ ಸೋತು ಬರುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ.

ಅಪರೂಪಕ್ಕೊಮ್ಮೆ ನಗುತ್ತಲೂ ಬರುತ್ತಿದ್ದ. ಅಂದು ನಮಗೆಲ್ಲ ಬೆಲ್ಲ ಸಿಗುತ್ತಿತ್ತು.

ಆರೇಳು ವರ್ಷಗಳ ಹಿಂದೆ ಆಟ ನಿಂತುಹೋಯಿತು. ಮೇಜಿನ ಮೇಲೆ ಸಂಡಿಗೆ ಒಣಗಿತು, ಅವರೆಕಾಯಿ ಮೂಟೆ ಕೂತಿತು. ಅತ್ತೆಯ ಕಣ್ಣಿಗೆ ಪೊರೆ ಬಂದದ್ದೂ ಆ ಹೊತ್ತಿನಲ್ಲೇ. ಎರಡಕ್ಕೂ ಸಂಬಂಧವಿರಬಹುದೆಂದು ಕಪ್ಪು ಗೆದ್ದ ಈ ತಲೆಗೆ ಹೊಳೆಯಲಿಲ್ಲ.

ಹೋದ ವರ್ಷ ಅತ್ತೆ ಆಪರೇಷನ್ ಮಾಡಿಸಿಕೊಂಡು, ಕಣ್ಣಿನ ಮೇಲೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಮನೆಗೆ ಬಂದಳು. ಅದೇ ವಾರ ಮಾವ ಮೂಟೆಗಳನ್ನು ಎತ್ತಿಸಿ, ಮೇಜಿನ ಅಂಚಿನ ರಬ್ಬರು ಒಣಗಿ ಕೊರಡಾಗಿದೆ, ಚೆಂಡು ಪುಟಿಯುವುದಿಲ್ಲ ಎಂದು ಗೋಳಾಡತೊಡಗಿದ. ಬೆಂಗಳೂರಿನ ರಿಪೇರಿಯವನೊಬ್ಬನಿಗೆ ಕಾಗದ ಹೋಯಿತು. ಮೇಜಿನ ಅಳತೆ, ತಯಾರಿಸಿದವರ ಹೆಸರು ಎರಡನ್ನೂ ಸರಿಯಾಗಿ ತಿಳಿಸಿ, ತಪ್ಪಿದರೆ ಕತ್ತರಿಸಿದ ರಬ್ಬರು ವ್ಯರ್ಥ ಎಂದು ಉತ್ತರ ಬಂತು. ಅತ್ತೆಯ ಕಣ್ಣಿನ ಬಟ್ಟೆ ತೆಗೆಯುವುದರೊಳಗೆ ಮೇಜು ಸರಿಹೋಗಲೇಬೇಕೆಂದು ಮಾವನ ಹಟ. ಇಂಗ್ಲಿಷಿನಲ್ಲಿ ಬರೆಯಲು ನನ್ನನ್ನು ಕರೆಸಿದ.

“ಲಂಡನ್. ಹನ್ನೆರಡು ಅಡಿ. ಬರ್ಕೋ.”

ನಾನು ಬರೆಯಲಿಲ್ಲ. ಟೇಪು ತೆಗೆದೆ. ಆ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ರಬ್ಬರಿನಿಂದ ರಬ್ಬರಿಗೆ ಉದ್ದ ಎಂಟಡಿ, ಅಗಲ ನಾಲ್ಕಡಿ. ಮಾವ ತಣ್ಣಗೆ, ಬಟ್ಟೆಯ ಟೇಪು ಹಳೆಯದಾಗಿ ಎಳೆದುಕೊಂಡಿದೆ ಎಂದ. ನಾಲ್ಕಡಿ ಎಳೆದುಕೊಂಡಿದೆಯೇ ಎಂದರೆ, ಬಟ್ಟೆಯಲ್ಲವೇ, ಎಳೆದುಕೊಳ್ಳುತ್ತದೆ ಎಂದ. ಇಂಥ ಎದುರಾಳಿ ಯಾವ ಕಾಲೇಜಿನಲ್ಲೂ ನನಗೆ ಸಿಕ್ಕಿರಲಿಲ್ಲ.

ಒಂದು ತುದಿಯಲ್ಲಿ ಹಿತ್ತಾಳೆಯ ಫಲಕವಿತ್ತು. ಆಯುಧಪೂಜೆಯ ಅರಿಸಿನ ಕುಂಕುಮ ವರ್ಷವರ್ಷವೂ ಮೆತ್ತಿಕೊಂಡು ಅಕ್ಷರವೆಲ್ಲ ಹೂತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದೆ. ಲಂಡನ್ ಎನ್ನುವುದೇನೋ ನಿಜ. ಆದರೆ ಅದರ ಕೆಳಗೆ, ಇದರ ಮೇಲೆ ಐದು ಹಂಡ್ರೆಡ್‌ವೇಟ್‌ಗಿಂತ ಹೆಚ್ಚು ಭಾರ ಹೇರಬಾರದು ಎಂದಿತ್ತು. ಕೊಬ್ಬರಿ ತೂಗುವ ಹಳೆಯ ತೂಕದ ಯಂತ್ರದ ಹಣೆಪಟ್ಟಿ!

ಇನ್ನು ಬಿಟ್ಟೇನೆಯೇ? ಮೇಜಿನ ಕೆಳಗೆ ನುಸುಳಿದೆ. ಹಾಸುಗಲ್ಲು ಅಪ್ಪಟ ತುರುವೇಕೆರೆಯ ಕರಿಕಲ್ಲು. ಹಸಿರು ಹೊದಿಕೆ ಚಿಕ್ಕನಾಯಕನಹಳ್ಳಿಯ ಕಂಬಳಿ, ಬಣ್ಣದಲ್ಲಿ ಅದ್ದಿದ್ದು. ಕಾಲಿನ ಮೇಲಿದ್ದ ಹೂವಿನ ಕೆತ್ತನೆ ಮಾವನ ಎತ್ತಿನ ಗಾಡಿಯ ಮೇಲಿರುವುದರ ಅವಳಿ. ದಬ್ಬೇಘಟ್ಟದ ಗಾಡಿ ಬಡಗಿಯ ಕೈಕೆಲಸ. ಚೆಂಡು ಬೀಳುವ ಜಾಳಿಗೆಗಳು ತೆಂಗಿನ ನಾರಿನವು. ಆಚೆ ಬಂದು ಮೈಕೊಡವಿಕೊಂಡು, ಸಭೆಯ ಮುಂದೆ ನಿಂತವನಂತೆ ಒಂದೊಂದನ್ನೇ ಮಂಡಿಸಿದೆ.

ಮಾವ ಮೇಜಿನ ಅಂಚಿಗೆ ಒರಗಿ, “ಲಂಡನ್ ಬುಡು, ಸುಳ್ಳು. ಹನ್ನೆರಡು ಸುಳ್ಳಲ್ಲ ಕಣ್ಲಾ. ಅಳೆದಿದ್ದೀವಿ” ಎಂದ.

ಅಳೆದಿದ್ದೀವಿ? ಒಬ್ಬನೇ ಆಡುವವನ ಜೊತೆಗೆ ಅಳೆದವರು ಯಾರು?

ನಮ್ಮ ಕಡೆ ತೆಂಗಿನ ಸಸಿ ನೆಡುವಾಗ ಗುಣಿಯಿಂದ ಗುಣಿಗೆ ಪಾದಕ್ಕೆ ಪಾದ ಕೂಡಿಸಿ ನಡೆದು ಅಳೆಯುತ್ತಾರೆ. ಮಾವನನ್ನು ಮೇಜಿನ ಪಕ್ಕದಲ್ಲಿ ಹಾಗೆ ನಡೆಸಿದೆ. ಒಂಬತ್ತೂವರೆ ಪಾದ. ಹನ್ನೆರಡು ಬರಬೇಕಾದರೆ ಪಾದ ಎಂಟೇ ಅಂಗುಲ ಇರಬೇಕು. ಆ ಮನೆಯಲ್ಲಿ ಎಂಟು ಅಂಗುಲದ ಪಾದ ಯಾರದು? ಹೊಸಿಲ ಹತ್ತಿರ ಅತ್ತೆಯ ಚಪ್ಪಲಿ ಕಾಣಿಸಿತು. ಒಂದನ್ನು ತಂದು ಮೇಜಿನುದ್ದಕ್ಕೂ ಇಟ್ಟು ಇಟ್ಟು ನೋಡಿದೆ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ, ಹನ್ನೆರಡು.

ಮೇಜು ಇಷ್ಟು ಗಿಡ್ಡವಾಗಿರುವುದು ಕಲ್ಲಿನ ಭಾರಕ್ಕೆ ನೆಲದಲ್ಲಿ ಕುಸಿದು ಎಂದು ಊರು ಹೇಳುತ್ತದೆ. ಕುಸಿದಿರಲಿಲ್ಲ. ನನ್ನ ತೊಡೆಯ ಮಟ್ಟಕ್ಕಿದ್ದದ್ದು ನಾಲ್ಕೂವರೆ ಅಡಿಯ ಅತ್ತೆಗೆ ಸೊಂಟದ ಮಟ್ಟ. ಒಂದು ಬದಿಯ ಮರದ ಮೇಲೆ ಸಣ್ಣ ಸಣ್ಣ ಗೀರುಗಳಿದ್ದವು. ನಾರಿನ ಜಾಳಿಗೆಯೊಳಗೆ ಕೈಹಾಕಿದೆ. ಹಸಿರು ಗಾಜಿನ ಬಳೆಯ ಚೂರು ಸಿಕ್ಕಿತು.

ಮಾವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಅಭ್ಯಾಸಬಲ, ಕಿವಿಯ ಹತ್ತಿರ ಅಲ್ಲಾಡಿಸಿದ. ಏನು ಕೇಳಿಸಿತೋ, ಸುಮಾರು ಹೊತ್ತು ಕೈ ಇಳಿಸಲಿಲ್ಲ.

“ಹೆಂಗಸು ಕೋಲು ಹಿಡ್ಕಂಡು ಆಡ್ತಾಳೆ ಅಂದಿದ್ರೆ ಊರು ಬುಡ್ತಿತ್ತೇನ್ಲಾ? ಲಂಡನ್ ಅಂದ್ರೆ ಯಾರೂ ಹತ್ರ ಬರಾಕಿಲ್ಲ.”

ಕಾಗದದಲ್ಲಿ ಎಂಟಡಿ, ನಾಲ್ಕಡಿ, ದಬ್ಬೇಘಟ್ಟದ ಗಾಡಿ ಬಡಗಿ ಎಂದು ಬರೆದೆ. ಮಾವ ಲಕೋಟೆಗೆ ಅಂಟು ಹಚ್ಚಿದ.

ಅತ್ತೆ ಜಗಲಿಯ ಮೇಲೆ ಹಸಿರು ಬಟ್ಟೆಯ ಹಿಂದೆ ಕೂತು, ಬೆರಳಿನಲ್ಲೇ ತಡವಿ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನ ಹೆಜ್ಜೆ ಗುರುತಿಸಿ, “ಎಷ್ಟು ಬಂತೋ?” ಎಂದಳು.

“ಹನ್ನೆರಡೇ ಬಂತು ಅತ್ತೆ” ಎಂದೆ. ಜೀವಮಾನದಲ್ಲಿ ನಾನಾಗಿಯೇ ಬಿಟ್ಟುಕೊಟ್ಟ ಮೊದಲನೆಯ ವಾದ ಅದು. ಆದರೂ ಹಾಳು ನಾಲಿಗೆ ಸುಮ್ಮನಿರಬೇಕಲ್ಲ. ಪಕ್ಕದಲ್ಲಿ ಕೂತು, ಕೋಣೆಗೆ ಕೇಳಿಸದ ಹಾಗೆ ಕೇಳಿದೆ:

“ಅತ್ತೆ, ಒಂದೊಂದ್ಸಲ ಮಾವ ನಗ್ತಾ ಆಚೆಗೆ ಬತ್ತಿದ್ನಲ್ಲ, ಅವತ್ತೆಲ್ಲ ನೀನು ಬೇಕಂತಲೇ ಸೋಲ್ತಿದ್ಯಾ?”